ಸ್ಯಾಂಪಲ್ ಕೆನ್ನೆ

ನನ್ನ ಬಲಗೆನ್ನೆಯನ್ನು ಮೂಸಿ ನೋಡದ ಅಂಗಡಿಯವರು ಹಾಸನದ ಸುತ್ತಮುತ್ತ ಸಿಗುವುದು ಕಷ್ಟ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡೇ ಹಾಗಿತ್ತು. ಶೇವಿಂಗ್ ಕ್ರೀಮು, ನೊರೆಡಬ್ಬಿ, ಗಡ್ಡ ತೆಗೆದ ಮೇಲೆ ಹಚ್ಚುವ ಲೋಷನ್ನು, ಸೆಂಟು, ಪೌಡರು, ತಲೆಗೂದಲಿಗೆ ಬಳಿಯುವ ಕಪ್ಪುಬಣ್ಣದ ಪೊಟ್ಟಣ, ಇಷ್ಟನ್ನೂ ವ್ಯಾನಿಗೆ ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವುದು ನನ್ನ ಕೆಲಸ. ಸೋಮವಾರ ಹಾಸನ, ಮಂಗಳವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ. ವಾರದ ಕೊನೆಗೆ ಹಳೇಕೋಟೆ, ದಂಡಿಗನಹಳ್ಳಿಯಂಥ ಹೋಬಳಿ ಊರುಗಳು. ಭಾನುವಾರ ಮನೆಯಲ್ಲಿ ಬಿದ್ದುಕೊಂಡು ನಿದ್ದೆ.

ಲೋಷನ್ ಮಾರುವುದಕ್ಕೆ ನನ್ನದೇ ಒಂದು ವರಸೆ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯ ಸಾಹುಕಾರರು ಹೊಸ ಲೋಷನ್ನಿನ ಬಾಟಲಿಯನ್ನು ಮುಟ್ಟಲೇ ಇಲ್ಲ. ಅವರ ಎರಡೂ ಕೈಯಲ್ಲಿ ಬೆಲ್ಲದ ಅಂಟು. ಆಮೇಲೆ ಬಾ ಎಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಸ್ಯಾಂಪಲ್ ಬಾಟಲಿ ಬಿಚ್ಚಿ ಅಂಗೈಗೆ ಸುರಿದುಕೊಂಡೆ, ನನ್ನ ಬಲಗೆನ್ನೆಗೇ ಪಟಾರನೆ ಬಡಿದುಕೊಂಡೆ, ಕೌಂಟರಿನ ಮೇಲೆ ಬಾಗಿ ಕೆನ್ನೆ ಒಡ್ಡಿದೆ. ಅವರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಕಣ್ಣು ಮುಚ್ಚಿ, ಮಾವಿನಹಣ್ಣು ಆರಿಸುವವರ ಹಾಗೆ ನಿಧಾನವಾಗಿ ಮೂಸಿ, ಒಂದು ಪೆಟ್ಟಿಗೆ ಇಳಿಸು ಎಂದರು.

ಅವತ್ತಿನಿಂದ ನನ್ನ ಕೆನ್ನೆಯೇ ಸ್ಯಾಂಪಲ್ಲು. ದಿನಕ್ಕೆ ಹತ್ತು ಹನ್ನೆರಡು ಅಂಗಡಿ, ಪ್ರತಿ ಅಂಗಡಿಯಲ್ಲೂ ಒಂದು ಏಟು. ಎರಡು ನಮೂನೆ ಇದ್ದರೆ ಎರಡು ಏಟು. ಕಂಪನಿಯವರು ಮೂಸಿ ನೋಡಲು ಅಂತ ಕಾಗದದ ಪಟ್ಟಿ ಕೊಟ್ಟಿದ್ದರು. ಅದನ್ನು ವ್ಯಾನಿನ ಡಬ್ಬದಲ್ಲೇ ಬಿಟ್ಟಿದ್ದೆ. ಕಾಗದ ಮೂಸಿ ಯಾರು ಮಾಲು ತೆಗೆದುಕೊಳ್ಳುತ್ತಾರೆ ಹೇಳಿ? ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ ಬಾಗಿಲಲ್ಲೇ ಮೂಗರಳಿಸಿ, ಇವತ್ತು ಯಾವ ಬಾಟಲಿ ಹೆಚ್ಚು ಓಡಿತು ಅಂತ ಹೇಳುತ್ತಿದ್ದಳು. ಒಂದು ದಿನವೂ ತಪ್ಪಿದವಳಲ್ಲ.

ಮದುವೆಯಾಗಿ ಏಳು ವರ್ಷ ನಮಗೆ ಮಕ್ಕಳಿರಲಿಲ್ಲ. ಆ ಏಳು ವರ್ಷದಲ್ಲಿ ಯಾರು ಯಾರು ಏನೇನು ಅಂದರು ಅನ್ನುವುದನ್ನು ಬರೆಯಲಾರೆ, ಬರೆದರೆ ಈಗಲೂ ಮೈ ಉರಿಯುತ್ತದೆ. ಒಂದು ಬೆಳಿಗ್ಗೆ ನಾನು ಬೀದಿಯಲ್ಲಿ ನಿಂತು ವ್ಯಾನಿಗೆ ಮಾಲು ಹೇರುತ್ತಿದ್ದಾಗ ಹೆಂಡತಿ ಹೊರಗೆ ಬಂದು, ಸುತ್ತ ನೋಡಿ, ಕಿವಿಯಲ್ಲಿ ಹೇಳಿದಳು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ಕೈಯಲ್ಲಿ ಉಳಿಯಲಿಲ್ಲ. ನೊರೆಡಬ್ಬಿಗಳೆಲ್ಲ ಇಳಿಜಾರಿನಲ್ಲಿ ಉರುಳಿಕೊಂಡು ಹೋದವು. ಅವನ್ನು ಹಿಡಿಯುವ ಬದಲು ನಾನು ಬೀದಿಯ ನಡುವೆ ನಿಂತು ಕುಣಿದೆ. ಎದುರು ಮನೆಯವರು ಡಬ್ಬಿ ಆರಿಸಿ ತಂದುಕೊಟ್ಟು, ತಲೆ ಸರಿಯಿದೆಯಾ ಅಂತ ವಿಚಾರಿಸಿದರು.

ಅದೇ ದಿನ ನಮ್ಮಮ್ಮ ಕಾನೂನು ಹೊರಡಿಸಿದಳು. ನಮ್ಮ ಕಡೆ ಒಂದು ಪದ್ಧತಿ ಉಂಟು. ಹೆಂಡತಿ ಬಸುರಿಯಾದ ಮೇಲೆ ಗಂಡ ಗಡ್ಡ ತೆಗೆಸುವಂತಿಲ್ಲ, ತಲೆಗೂದಲು ಕತ್ತರಿಸುವಂತಿಲ್ಲ. ಹೆರಿಗೆಯಾಗಿ ಶಾಸ್ತ್ರ ಮುಗಿಯುವವರೆಗೂ ಕತ್ತಿ, ಕತ್ತರಿ, ಬ್ಲೇಡು ಯಾವುದೂ ತಾಗಬಾರದು. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

“ಬಸ್ರಿ ಎಂಡ್ರು ಇಟ್ಕಂಡು ಮೊಕುಕ್ಕೆ ಬ್ಲೇಡ್ ತಾಕ್ಸಂಗಿಲ್ಲ ಕಣ್ಲಾ,” ಎಂದಳು ಅಮ್ಮ. “ನೀ ಒಟ್ಟೇಲಿದ್ದಾಗ ನಿಮ್ಮಪ್ಪ ಜಡೆಮುನಿ ಆಗೋಗಿದ್ರು.”

ಏಳು ವರ್ಷ ಕಾದವನು ನಾನು. ಗಡ್ಡವಲ್ಲ, ಬಾಲ ಬಿಡು ಅಂದಿದ್ದರೂ ಬಿಡುತ್ತಿದ್ದೆ. ಆದರೆ ನಮ್ಮ ಮ್ಯಾನೇಜರು ಸುಮ್ಮನಿರಬೇಕಲ್ಲ. ಗಡ್ಡ ಬಿಟ್ಟವನು ಶೇವಿಂಗ್ ಕ್ರೀಮು ಹೇಗೆ ಮಾರುತ್ತೀಯ, ಬೋಳುತಲೆಯವನು ಬಾಚಣಿಗೆ ಮಾರಿದ ಹಾಗೆ ಅಂತ ಫೋನಿನಲ್ಲಿ ಕೂಗಾಡಿದರು. ನಾನೂ ಬಿಡಲಿಲ್ಲ. ನಿಮಗೆ ನನ್ನ ಮಾರಾಟ ಬೇಕೋ ನನ್ನ ಗದ್ದ ಬೇಕೋ ತೀರ್ಮಾನ ಮಾಡಿ ಹೇಳಿ ಎಂದು ಫೋನು ಇಟ್ಟುಬಿಟ್ಟೆ. ಮೂರು ತಿಂಗಳಿಗೆ ಕಂಪನಿಯೇ ಗಡ್ಡಕ್ಕೆ ಹಚ್ಚುವ ಎಣ್ಣೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಅದೇ ಮ್ಯಾನೇಜರು ಫೋನು ಮಾಡಿ, ಗಡ್ಡವನ್ನು ಚೆನ್ನಾಗಿ ಬಾಚಿಕೊಂಡು ಎಲ್ಲರಿಗೂ ತೋರಿಸಪ್ಪಾ ಅಂದಾಗ ನಾನು ನಕ್ಕ ನಗು ಅರಕಲಗೂಡು ಪೇಟೆಗೆಲ್ಲ ಕೇಳಿಸಿರಬೇಕು.

ಲೋಷನ್ನಿನ ಏಟು ಮಾತ್ರ ನಿಲ್ಲಲಿಲ್ಲ. ಗಡ್ಡದಲ್ಲಿ ಘಮ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೂ ಇದೆ ನೋಡಿ ಸಾ, ಅಂತ ಅದನ್ನೂ ಮಾರಾಟದ ಮಾತು ಮಾಡಿಕೊಂಡೆ. ಜೊತೆಗೆ ಗಡ್ಡದೆಣ್ಣೆ ಬೇರೆ.

ಬಲಗೆನ್ನೆಯಲ್ಲಿ ದದ್ದು ಎದ್ದದ್ದು ಆಗಲೇ. ಒಂದೆರಡು ವರ್ಷದಿಂದ ಆಗೊಮ್ಮೆ ಈಗೊಮ್ಮೆ ಕೆಂಪಗಾಗಿ ತುರಿಸುತ್ತಿದ್ದುದು ನಿಜ, ಬ್ಲೇಡು ಮೊಂಡಾಗಿದೆ ಎಂದುಕೊಂಡು ಬಿಟ್ಟಿದ್ದೆ. ಈಗ ಬ್ಲೇಡೇ ಇಲ್ಲ. ದದ್ದು ಮಾತ್ರ ಕೆನ್ನೆಯ ಮೂಳೆಯಿಂದ ಗಡ್ಡದೊಳಗೆ ನುಗ್ಗಿ ಕತ್ತಿನವರೆಗೆ ಹರಡಿತು. ಕೆಂಪಗೆ, ಒರಟಾಗಿ, ಕೆಲವು ಕಡೆ ನೀರಾಡಿ, ಹೊಟ್ಟು ಏಳುತ್ತಿತ್ತು. ತುರಿಕೆ ಶುರುವಾದರೆ ವ್ಯಾನನ್ನು ರಸ್ತೆ ಪಕ್ಕ ನಿಲ್ಲಿಸಿ ಎರಡೂ ಕೈಯಲ್ಲಿ ಪರಪರ ಕೆರೆದುಕೊಂಡು ಮತ್ತೆ ಹೊರಡಬೇಕು.

ಈಗ ನನ್ನ ಬುದ್ಧಿವಂತಿಕೆ ನೋಡಿ. ಗಡ್ಡ ತೆಗೆಯುವುದನ್ನು ಬಿಟ್ಟ ಮೇಲೂ ದದ್ದು ಹೆಚ್ಚಾಗಿದೆ, ಅಂದರೆ ನನ್ನ ವ್ಯಾನಿನ ಮಾಲಿಗೂ ದದ್ದಿಗೂ ಸಂಬಂಧವೇ ಇಲ್ಲ ಅಂತ ನಾನು ತೀರ್ಪು ಕೊಟ್ಟೆ. ತೀರ್ಪು ಕೊಟ್ಟು ಸುಮ್ಮನಾಗಲೂ ಇಲ್ಲ. ಚನ್ನರಾಯಪಟ್ಟಣದಲ್ಲಿ ಗಿರಾಕಿಯೊಬ್ಬರು ಈ ಲೋಷನ್ನು ಕ್ರೀಮುಗಳಿಂದ ಚರ್ಮ ಕೆಡುವುದಿಲ್ಲವೇ ಎಂದು ಅಂಗಡಿಯವರನ್ನು ಕೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ನನ್ನ ಮುಖವನ್ನೇ ಸಾಕ್ಷಿಗೆ ನಿಲ್ಲಿಸಿದೆ. ನೋಡಿ, ಶೇವಿಂಗ್ ಬಿಟ್ಟು ತಿಂಗಳುಗಟ್ಟಲೆ ಆಯಿತು, ಆದರೂ ಹೀಗಿದೆ, ಇದು ಮೈಯೊಳಗಿನ ದೋಷ, ಬಾಟಲಿಯದ್ದಲ್ಲ ಎಂದೆ. ಹೇಳುತ್ತಲೇ ಅದೇ ಕೆನ್ನೆಗೆ ಒಂದು ಏಟು ಹಾಕಿ ಅವರಿಗೂ ಮೂಸಲು ಕೊಟ್ಟೆ. ಪಾಪ, ಅವರು ಒಂದು ಬಾಟಲಿ ಕೊಂಡುಕೊಂಡರು.

ಹಾಗಾದರೆ ದದ್ದಿಗೆ ಕಾರಣ ಬೇಕಲ್ಲ? ಬಿಸಿಲು ಅಂದೆ ನಾನು. ವ್ಯಾನು ಓಡಿಸುವವನಿಗೆ ಕಿಟಕಿ ಬಲಗಡೆ, ದದ್ದೂ ಬಲಗೆನ್ನೆಗೆ, ಲೆಕ್ಕ ಸರಿಹೋಯಿತು. ಕಿಟಕಿಗೆ ಟವಲು ಕಟ್ಟಿಕೊಂಡು ಓಡಿಸಿದೆ. ಬಲಗಡೆಯಿಂದ ಬರುವ ಗಾಡಿ ಕಾಣದೆ ಹಳೇಕೋಟೆ ರಸ್ತೆಯಲ್ಲಿ ಹುಲ್ಲಿನ ಟ್ರ್ಯಾಕ್ಟರಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಅಮ್ಮ ನಂಜು ಅಂದಳು. ಬದನೆಕಾಯಿ ನಿಂತಿತು, ಆಲೂಗಡ್ಡೆ ನಿಂತಿತು. ಕೊನೆಗೆ ಸೊಗಡವರೆ ಕಾಯಿ ಬಂದ ಕಾಲದಲ್ಲಿ ಮನೆಯವರೆಲ್ಲ ಹಿದುಕಿದ ಬೇಳೆ ಸಾರು ಸುರಿದು ಉಣ್ಣುತ್ತಿದ್ದರೆ ನಾನು ಮಜ್ಜಿಗೆ ಅನ್ನ ಕಲಸಿಕೊಂಡು ಎಲ್ಲರ ತಟ್ಟೆ ನೋಡುತ್ತಾ ಕೂತೆ. ಜೀವನದಲ್ಲಿ ಅಷ್ಟು ದುಃಖ ನನಗೆ ಯಾವತ್ತೂ ಆಗಿರಲಿಲ್ಲ. ಔಷಧಿ ಅಂಗಡಿಯಲ್ಲಿ ನಾನೇ ಕೇಳಿ ಒಂದು ಟ್ಯೂಬು ತಂದು ಹಚ್ಚಿದೆ. ನಾಲ್ಕು ದಿನ ಕಡಿಮೆಯಾಗಿ, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬಂತು.

ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹೆಂಡತಿಯನ್ನು ಅರಕಲಗೂಡಿನ ತವರಿಗೆ ಬಿಟ್ಟುಬಂದೆ. ಅಲ್ಲಿ ನಮ್ಮತ್ತೆಯ ರಾಜ್ಯ. ನಮ್ಮತ್ತೆ ಗಟ್ಟಿ ಹೆಂಗಸು. ಹೊಲದ ಕೆಲಸ, ಹಸು ಕರು, ಮೂರು ಮಕ್ಕಳ ಬಾಣಂತನ, ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಮಾತು ಕಡಿಮೆ, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಜಗಲಿಯ ಮೇಲೆ ನನ್ನನ್ನು ಬೆಳಕಿಗೆ ತಿರುಗಿಸಿ ಕೂರಿಸಿಕೊಂಡು, ದದ್ದನ್ನು ಹತ್ತಿರದಿಂದ ನೋಡಿ, ಹುಳುಕಡ್ಡಿ ಅಂತ ತೀರ್ಮಾನ ಮಾಡಿದಳು. ಹುಳುಕಡ್ಡಿ ಅಂದರೆ ಒಬ್ಬರಿಂದ ಒಬ್ಬರಿಗೆ ಅಂಟುವ ಖಾಯಿಲೆ.

“ಕೂಸು ಉಟ್ಟೋವೊತ್ಗೆ ಮೊಕ ವಾಸಿ ಮಾಡ್ಕಂಡ್ ಬಾ ಕಣಪ್ಪ,” ಅಂದಳು. “ಈ ಮೊಕ ಇಟ್ಕಂಡು ಮಗೀನ ಮುಟ್ಟಂಗಿಲ್ಲ.”

ನಾನು ನಗಾಡಿದೆ. ಅಳಿಯನಿಗೆ ಹೀಗೆ ಹೇಳಿ ಸುಮ್ಮನೆ ಹೆದರಿಸುತ್ತಾಳೆ ಎಂದುಕೊಂಡೆ. ಎಂಟನೇ ತಿಂಗಳಿಗೆ ಕಂಪನಿಯ ಮಕ್ಕಳ ಪೌಡರು, ಮಕ್ಕಳ ಎಣ್ಣೆ, ಮಕ್ಕಳ ಸೋಪು ಎಲ್ಲವನ್ನೂ ಒಂದು ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ, ಮೇಲೊಂದು ಕೆಂಪು ಟೇಪು ಸುತ್ತಿ ಅತ್ತೆಯ ಮನೆಗೆ ಇಳಿಸಿ ಬಂದೆ. ನನ್ನ ಮಗುವಿಗೆ ಅಪ್ಪನ ವ್ಯಾನಿನ ಮಾಲಲ್ಲದೆ ಇನ್ನೇನು ಅಂತ ನನಗೆ ಹೆಮ್ಮೆ.

ಹೆರಿಗೆಯಾದ ಬುಧವಾರ ನಾನು ಅರಕಲಗೂಡು ಪೇಟೆಯಲ್ಲೇ ಇದ್ದೆ. ಫೋನು ಬಂದಾಗ ಕೆನ್ನೆ ಅಂಗಡಿಯವರ ಮೂಗಿನ ಮುಂದಿತ್ತು. ಹೆಣ್ಣುಮಗು ಅಂದರು. ಬಾಟಲಿಯನ್ನು ಕೌಂಟರಿನ ಮೇಲೇ ಬಿಟ್ಟು ಆಸ್ಪತ್ರೆಗೆ ಓಡಿದೆ. ಹೆಂಡತಿ ಮಂಚದ ಮೇಲೆ ಸುಸ್ತಾಗಿ ನಗುತ್ತಿದ್ದಳು. ಅತ್ತೆಯ ತೋಳಿನಲ್ಲಿ ಬಿಳಿ ಪಂಚೆಯೊಳಗೆ ನನ್ನ ಮಗಳು. ಕೈ ಚಾಚಿಕೊಂಡು ಹೋದೆ. ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಕೆನ್ನೆಯನ್ನೊಮ್ಮೆ ನೋಡಿದಳು ಅಷ್ಟೇ.

ನನಗೆ ಕಣ್ಣು ಕತ್ತಲೆ ಬಂದಷ್ಟು ಸಿಟ್ಟು ಬಂತು. ಏಳು ವರ್ಷ ಕಾದಿದ್ದೇನೆ, ನನ್ನ ಮಗು, ಇವಳ್ಯಾರು ತಡೆಯುವುದಕ್ಕೆ ಅಂತ ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಮಗು ಆಕಳಿಸಿತು. ಅಷ್ಟು ಚಿಕ್ಕ ಬಾಯಿ, ಅಷ್ಟು ತೆಳ್ಳಗಿನ ಚರ್ಮ, ಕೆನ್ನೆಯ ಒಳಗಿನ ನೀಲಿ ನರ ಕೂಡ ಕಾಣುತ್ತಿತ್ತು. ನನ್ನ ಕೈ ತಾನಾಗಿ ಕೆಳಗೆ ಇಳಿಯಿತು. ಅತ್ತೆ ಪಂಚೆಯ ತುದಿ ಸರಿಸಿ ಒಂದು ಪಾದ ಹೊರಗೆ ತೆಗೆದಳು. ಕಾಲಿನ ಹೆಬ್ಬೆರಳನ್ನು ನನ್ನ ತೋರುಬೆರಳಿನಿಂದ ಮುಟ್ಟಿದೆ. ಅಷ್ಟೇ ಸಿಕ್ಕಿದ್ದು ಅವತ್ತು.

ಮರುದಿನ ಚನ್ನರಾಯಪಟ್ಟಣದ ಲೈನು ಬಿಟ್ಟು ಹಾಸನದಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋದೆ. ಹೆಂಗಸು, ನನ್ನ ವಯಸ್ಸಿನವರೇ, ಮುಖದಲ್ಲಿ ನಗು ಕಡಿಮೆ. ಮುಖಕ್ಕೆ ಏನೇನು ಹಚ್ಚುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಮೇಡಂ ಎಂದೆ. ಶೇವಿಂಗ್ ಕ್ರೀಮು? ಬಿಟ್ಟು ಎಂಟು ತಿಂಗಳಾಯಿತು ಎಂದೆ, ಬಸುರಿ ಹೆಂಡತಿಯ ಕತೆ ಹೇಳಿದೆ. ಲೋಷನ್ನು? ಗಡ್ಡವೇ ತೆಗೆಯದ ಮೇಲೆ ಲೋಷನ್ನು ಯಾಕೆ ಮೇಡಂ, ಎಂದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ದೇವರಾಣೆಗೂ ಅನ್ನಿಸಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಏನೂ ಹಚ್ಚಲ್ಲ ಅಂತೀರಿ. ನೀವು ಒಳಗೆ ಬಂದಾಗಿನಿಂದ ನನ್ನ ರೂಮೆಲ್ಲ ಘಮಘಮ ಅಂತಿದೆಯಲ್ಲ?”

ಅದಾ ಮೇಡಂ, ಅದು ಡ್ಯೂಟಿ ಎಂದೆ. ಬರುವ ದಾರಿಯಲ್ಲೇ ಎರಡು ಅಂಗಡಿಗೆ ಹೋಗಿ ಬಂದಿದ್ದೆ. ಹೇಗೆ ಹಚ್ಚುತ್ತೇನೆ, ಹೇಗೆ ಬಾಗುತ್ತೇನೆ, ಹೇಗೆ ಮೂಸುತ್ತಾರೆ ಎಲ್ಲವನ್ನೂ ಕೂತಲ್ಲಿಂದಲೇ ಮಾಡಿ ತೋರಿಸಿದೆ. ತೋರಿಸುತ್ತಾ ತೋರಿಸುತ್ತಾ ನನ್ನ ಅಂಗೈ ಬಲಗೆನ್ನೆಯ ಮೇಲೆ, ಸರಿಯಾಗಿ ದದ್ದಿನ ಮೇಲೆ ಬಂದು ನಿಂತಿತು. ಅಲ್ಲೇ ನಿಂತುಬಿಟ್ಟಿತು. ಅಯ್ಯೋ ಶಿವನೇ ಎಂದೆ. ಸಿಡುಕು ಮುಖದ ಆ ಡಾಕ್ಟರು ಮೊದಲು ತುಟಿ ಕಚ್ಚಿಕೊಂಡರು, ಆಮೇಲೆ ತಡೆಯಲಾರದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನಾನೂ ನಕ್ಕೆ. ಹೊರಗೆ ಕಾಯುತ್ತಿದ್ದವರು ಬಾಗಿಲು ಸರಿಸಿ ಇಣುಕಿ ನೋಡಿದರು.

ನಕ್ಕು ಮುಗಿಸಿ ಅವರು ನಿಧಾನವಾಗಿ ತಿಳಿಸಿ ಹೇಳಿದರು. ಅಂಗಡಿಯಲ್ಲಿ ಮಾರುವ ಲೋಷನ್ನೆಲ್ಲ ವಿಷವಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಅದರ ಘಮಕ್ಕೆ ಹಾಕುವ ಪದಾರ್ಥ ಕೆಲವರ ಮೈಗೆ ಒಗ್ಗುವುದಿಲ್ಲ. ವರ್ಷಗಟ್ಟಲೆ ಒಗ್ಗಿದ್ದು ಒಂದು ದಿನ ಇದ್ದಕ್ಕಿದ್ದಂತೆ ಒಗ್ಗದೆ ಹೋಗಬಹುದು. ಒಮ್ಮೆ ಮೈ ಮುನಿಸಿಕೊಂಡಿತೋ, ಆಮೇಲೆ ಒಂದು ಹನಿ ಸಾಕು. ನೀವು ಹನ್ನೆರಡು ಸಲ ಬಡಿದುಕೊಂಡಿದ್ದೀರಿ, ಅದೂ ದಿನಾ, ಎಂದರು. ನಾನೇ ತಂದು ಹಚ್ಚಿದ ಟ್ಯೂಬಿನ ಹೆಸರು ಕೇಳಿ ಚೆನ್ನಾಗಿ ಬೈದರು. ಇದು ಅಂಟುವ ಖಾಯಿಲೆಯಲ್ಲ ಅಂದಾಗ ನನಗೆ ಎದ್ದು ಕಾಲು ಹಿಡಿಯುವಷ್ಟು ಖುಷಿಯಾಯಿತು. ಹಾಗಂತ ಚೀಟಿ ಬರೆದುಕೊಡಿ ಮೇಡಂ, ನಮ್ಮತ್ತೆಗೆ ತೋರಿಸಬೇಕು ಎಂದೆ. ಬರೆದುಕೊಟ್ಟರು. ಆದರೆ ಚೀಟಿ ಕೊಡುವಾಗ ಒಂದು ಮಾತು ಸೇರಿಸಿದರು.

“ನಿಮ್ಮತ್ತೆ ಹೇಳಿದ ಕಾರಣ ತಪ್ಪು, ಹೇಳಿದ್ದು ತಪ್ಪಲ್ಲ. ಈ ಸೆಂಟಿನ ಕೆನ್ನೇನ ಹಸುಗೂಸಿನ ಕೆನ್ನೆಗೆ ಒತ್ತಬೇಡಿ. ಅದರ ಚರ್ಮ ಇನ್ನೂ ತುಂಬ ಎಳೇದು.”

ಯಾವ ಪದಾರ್ಥ ನನಗೆ ಒಗ್ಗುವುದಿಲ್ಲ ಅಂತ ಪರೀಕ್ಷೆ ಮಾಡಲು ಬೆನ್ನಿಗೆ ಮಾತ್ರೆ ಹಾಳೆಯಂಥ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ಎರಡು ದಿನ ನೀರು ತಾಗಿಸಬೇಡಿ ಎಂದು ಕಳಿಸಿದರು. ತೆಗೆದಾಗ ಘಮದ ಪಟ್ಟಿ ಇದ್ದ ಜಾಗ ಕೆಂಪಗೆ ಉಬ್ಬಿತ್ತು. ಉಳಿದವು ಹಾಗೇ ಇದ್ದವು. ಹಚ್ಚಲು ಒಂದು ಮುಲಾಮು ಕೊಟ್ಟರು, ಅದಕ್ಕಿಂತ ಹೆಚ್ಚಾಗಿ ಕೆನ್ನೆಯನ್ನು ಅದರ ಪಾಡಿಗೆ ಬಿಡಿ ಎಂದರು.

ಚೀಟಿ ಹಿಡಿದುಕೊಂಡು ಅರಕಲಗೂಡಿಗೆ ಹೋದೆ. ಅತ್ತೆ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ಚೀಟಿ ಯಾಕೆ, ವಾಸಿಯಾದ ಮುಖ ತೋರಿಸು ಸಾಕು ಎಂದಳು. ಮೊದಲಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಈಗ ಡಾಕ್ಟರ ಕಡೆಯ ಮಾತು ಕಿವಿಯಲ್ಲಿತ್ತು. ಕಿಟಕಿಯ ಆಚೆಯಿಂದ ಮಗಳನ್ನು ನೋಡಿ, ಹೆಂಡತಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿ ವಾಪಸು ಬಂದೆ. ತಿಂಗಳು ತುಂಬಿದ ದಿನ ತೊಟ್ಟಿಲ ಶಾಸ್ತ್ರ, ನನ್ನ ಗಡ್ಡವೂ ಅವತ್ತೇ ಹೋಗಬೇಕೆಂದು ಅಮ್ಮ ಹೇಳಿದ್ದಳು. ಆ ದಿನಕ್ಕೆ ಕೆನ್ನೆ ತಿಳಿಯಾಗಬೇಕು. ಇನ್ನೇನೂ ನನಗೆ ಬೇಕಿರಲಿಲ್ಲ.

ಕೆಲಸ ಮಾತ್ರ ಬಿಡುವಂತಿಲ್ಲವಲ್ಲ. ಮಂಗಳವಾರ ಹೊಳೆನರಸೀಪುರದ ಸಾಹುಕಾರರು ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡು ಮೂಗು ಮುಂದೆ ಚಾಚಿದರು. ಅವರ ಮೂಗಿನ ಕೆಳಗೆ ನಾನು ಕಂಪನಿಯ ಕಾಗದದ ಪಟ್ಟಿ ಹಿಡಿದೆ. ಅವರು ಕಣ್ಣು ಬಿಟ್ಟು ನೋಡಿ, ಮುನಿಸಿಕೊಂಡವರ ಹಾಗೆ ಮುಖ ಮಾಡಿದರು. ಕತೆಯೆಲ್ಲ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರು ಮಾತ್ರ ನಗಲಿಲ್ಲ. ಇಷ್ಟು ವರ್ಷ ನಮಗೋಸ್ಕರ ಕೆನ್ನೆ ಸುಟ್ಟುಕೊಂಡೆಯಲ್ಲಯ್ಯ ಅಂತ ನೊಂದುಕೊಂಡು, ಒಳಗಿಂದ ಟೀ ತರಿಸಿಕೊಟ್ಟರು. ಕಾಗದ ಮೂಸಿಯೂ ಒಂದು ಪೆಟ್ಟಿಗೆ ಇಳಿಸಿಕೊಂಡರು. ಎಲಾ ಇವನ, ಕಾಗದಕ್ಕೂ ಮಾಲು ಹೋಗುತ್ತದೆ ಅನ್ನುವುದು ಗೊತ್ತಾಗಲು ನನಗೆ ಅಷ್ಟು ವರ್ಷ ಬೇಕಾಯಿತು.

ನನ್ನ ವ್ಯಾನಿನ ಡಬ್ಬಿಗಳ ಬೆನ್ನ ಹಿಂದೆ ಬರೆದಿರುವುದನ್ನು ನಾನು ಮೊದಲ ಸಲ ಓದಿದ್ದೂ ಆಗಲೇ. ಚನ್ನರಾಯಪಟ್ಟಣದ ಒಬ್ಬರು ಅಂಗಡಿಯವರು ಪ್ರತಿ ವಾರ ಮೀಸೆಗೆ ಕಪ್ಪು ಬಳಿಯುತ್ತಿದ್ದರು. ಇಬ್ಬರೂ ಕೂತು, ಅವರ ಕನ್ನಡಕ ಹಾಕಿಕೊಂಡು, ಪೊಟ್ಟಣದ ಸಣ್ಣಕ್ಷರವನ್ನು ಕೂಡಿಸಿ ಕೂಡಿಸಿ ಓದಿದೆವು. ಬಳಿಯುವ ಎರಡು ದಿನ ಮೊದಲು ಚೂರು ಚರ್ಮಕ್ಕೆ ಹಚ್ಚಿ ನೋಡಬೇಕು, ತುರಿಕೆ ಊತ ಬಂದರೆ ಬಳಸಬಾರದು ಅಂತ ಬರೆದಿತ್ತು. ಅವರು ಗಾಬರಿಯಾಗಿ ಕಿವಿಯ ಹಿಂದೆ ಹಚ್ಚಿಕೊಂಡು ಎರಡು ದಿನ ಕಾದರು. ಏನೂ ಆಗಲಿಲ್ಲ. ಮುಂದಿನ ಗುರುವಾರ ಕಪ್ಪು ಮೀಸೆ ತಿರುವುತ್ತಾ, ನಂದು ಪಾಸು ಕಣಯ್ಯಾ, ಫೇಲಾಗಿದ್ದು ನೀನೇ ಎಂದು ಪೇಟೆಗೆಲ್ಲ ಕೇಳುವಂತೆ ಸಾರಿದರು. ಈ ಮೊದಲು ಇವರ ಅಂಗಡಿಯಲ್ಲೇ ನನ್ನ ಮಾತು ನಂಬಿ ಬಾಟಲಿ ಕೊಂಡಿದ್ದ ಆ ಗಿರಾಕಿಗೂ ನಾನು ಹೇಳಿದ್ದು ತಪ್ಪು ಅಂತ ತಿಳಿಸಲು ಅವರಿಗೇ ಹೇಳಿಬಂದೆ.

ಎರಡನೇ ವಾರಕ್ಕೆ ತುರಿಕೆ ನಿಂತಿತು. ಮೂರನೇ ವಾರ ಹೊಟ್ಟು ಉದುರಿತು. ನಾನು ದಿನಕ್ಕೆ ಹತ್ತು ಸಲ ವ್ಯಾನಿನ ಕನ್ನಡಿ ನೋಡಿಕೊಳ್ಳುತ್ತಿದ್ದೆ, ವಯಸ್ಸಿನಲ್ಲಿ ಹೆಣ್ಣು ನೋಡಲು ಹೋಗುವಾಗಲೂ ಅಷ್ಟು ನೋಡಿಕೊಂಡವನಲ್ಲ. ಹಿದುಕಿದ ಬೇಳೆಯ ಕಾಲ ಮಾತ್ರ ಮುಗಿದುಹೋಗಿತ್ತು. ಆ ಸಂಕಟ ಈಗಲೂ ಇದೆ.

ತೊಟ್ಟಿಲ ಶಾಸ್ತ್ರದ ಬೆಳಿಗ್ಗೆ ಅರಕಲಗೂಡಿನ ಸಲೂನಿನಲ್ಲಿ ಕೂತೆ. ತಿಂಗಳುಗಟ್ಟಲೆ ಬೆಳೆದ ಗಡ್ಡ ಮಡಿಲ ತುಂಬ ಬಿತ್ತು. ಘಮವಿಲ್ಲದ ಸೋಪನ್ನು ಮನೆಯಿಂದಲೇ ತಂದಿದ್ದೆ. ಬೋಳಿಸಿ ಮುಗಿಯಿತು, ಕ್ಷೌರಿಕರ ಕೈ ಅಭ್ಯಾಸದಂತೆ ಕಪಾಟಿನ ಬಾಟಲಿಗೆ ಹೋಯಿತು. ನಾನೇ ಹಾಕಿದ್ದ ಮಾಲು. ನನ್ನ ವರಸೆಯಲ್ಲೇ ಅಂಗೈಗೆ ಸುರಿದುಕೊಂಡು ಕೆನ್ನೆಯ ಹತ್ತಿರ ತಂದರು. ನಾನು ಕುರ್ಚಿಯಿಂದ ಎಗರಿ ಬಿದ್ದೆ. ಮೈಗೆ ಸುತ್ತಿದ್ದ ಬಟ್ಟೆಯಲ್ಲೇ ಬಾಗಿಲವರೆಗೆ ಓಡಿ ನಿಂತೆ. ಬರೀ ನೀರು ಸಾಕು ಮಾರಾಯರೇ ಎಂದು ಕೈಮುಗಿದೆ. ಲೋಷನ್ ಮಾರುವವನೇ ಲೋಷನ್ನಿಗೆ ಹೆದರಿ ಓಡಿದ್ದನ್ನು ನೋಡಿ ಅವರು ಎಷ್ಟು ನಕ್ಕರೆಂದರೆ, ಮುಂದಿನ ಗಿರಾಕಿಯ ಮುಖಕ್ಕೆ ಕತ್ತಿ ಇಡಲು ಸ್ವಲ್ಪ ಹೊತ್ತು ಕಾಯಬೇಕಾಯಿತು.

ಅತ್ತೆಯ ಮನೆಯಲ್ಲಿ ನೆಂಟರಿಷ್ಟರು ತುಂಬಿದ್ದರು. ತೊಟ್ಟಿಲಿಗೆ ಹೂ ಕಟ್ಟಿತ್ತು, ಒಳಗೆ ಒಬ್ಬಟ್ಟು ಬೇಯುತ್ತಿತ್ತು. ಅಮ್ಮ ನನ್ನ ಗಲ್ಲ ಹಿಡಿದು, ಈಗ ಮನುಷ್ಯನ ಹಾಗೆ ಕಾಣುತ್ತಿದ್ದೀಯ ಎಂದಳು. ಅತ್ತೆ ನಡುಮನೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನಾನು ಎದುರು ಹೋಗಿ ನಿಂತೆ. ಅವಳು ನನ್ನನ್ನು ಬಾಗಿಲಿನ ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳಿನಿಂದ ಬಲಗೆನ್ನೆಯನ್ನು ಮೇಲಿಂದ ಕೆಳಕ್ಕೆ ಒಮ್ಮೆ ಸವರಿದಳು. ನುಣ್ಣಗಿತ್ತು. ಇನ್ನೇನು ಕೊಡುತ್ತಾಳೆ ಎಂದು ಕೈ ಚಾಚಿದೆ.

ಕೊಡಲಿಲ್ಲ. ಬಾಗು ಎಂದು ಸನ್ನೆ ಮಾಡಿದಳು. ಬಾಗಿದೆ. ಸಾವಿರ ಸಲ ಕೌಂಟರಿನ ಮೇಲೆ ಒಡ್ಡಿದ್ದ ಕೆನ್ನೆ, ಅವತ್ತಿನಷ್ಟು ಭಯದಿಂದ ಯಾವತ್ತೂ ಒಡ್ಡಿರಲಿಲ್ಲ. ಅತ್ತೆ ಮೂಗನ್ನು ಹತ್ತಿರ ತಂದು, ಕಣ್ಣು ಮುಚ್ಚಿ ನಿಧಾನವಾಗಿ ಮೂಸಿದಳು. ಇನ್ನೊಂದು ಸಲ ಮೂಸಿದಳು.

“ಏನೂ ವಾಸ್ನೆ ಇಲ್ಲ,” ಎಂದಳು. “ತಗಾ ಕಣಪ್ಪ, ನಿನ್ ಮಗ್ಳು.”

ನನ್ನ ತೋಳಿಗೆ ಬಂತು ಮಗು. ಬೆಚ್ಚಗೆ, ಹಗುರವಾಗಿ, ಕಣ್ಣು ಬಿಟ್ಟುಕೊಂಡು. ಮೊದಲು ನನಗೆ ಹೊಳೆದದ್ದು ನಾನು ಇಳಿಸಿಹೋಗಿದ್ದ ಪೆಟ್ಟಿಗೆ, ಪೌಡರು. ಅದರ ಕತ್ತಿನ ಹತ್ತಿರ ಮೂಗು ಇಟ್ಟು ನೋಡಿದೆ. ಪೌಡರಿನ ಘಮವಿಲ್ಲ, ಸೋಪಿನ ಘಮವಿಲ್ಲ, ಬರೀ ಹಾಲಿನ ವಾಸನೆ. ಹೆಂಡತಿ ಬಾಗಿಲಿಗೆ ಒರಗಿ ನಗುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ಅವಳು ಹೇಳಿದ ದಿನವೇ ಅತ್ತೆ ಆ ಪೆಟ್ಟಿಗೆಯನ್ನು ಟೇಪು ಸಮೇತ ಅಟ್ಟಕ್ಕೆ ಹಾಕಿದಳಂತೆ. ಅಂದರೆ ನಮ್ಮತ್ತೆ ನನ್ನೊಬ್ಬನಿಗೆ ಮಾಡಿದ ಕಾನೂನಲ್ಲ ಅದು.

ನನ್ನ ಬಲಗೆನ್ನೆಯನ್ನು ಮಗಳ ಕೆನ್ನೆಗೆ ಮೆಲ್ಲಗೆ ಒತ್ತಿದೆ. ಅವಳು ಅಳಲಿಲ್ಲ. ಅತ್ತದ್ದು ನಾನು. ಎಷ್ಟು ಅತ್ತೆನೆಂದರೆ ಅತ್ತೆ ಸೆರಗಿನ ತುದಿ ಹಿಡಿದುಕೊಂಡು ಹತ್ತಿರ ಬಂದಳು. ನನ್ನನ್ನು ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. ಅವಳು ಒರೆಸಿದ್ದು ಮಗುವಿನ ಕೆನ್ನೆಯನ್ನು.

“ಸಾಕು ಸುಮ್ಕಿರಪ್ಪ,” ಎಂದಳು. “ಮಗಿ ನೆನೀತದೆ.”